ಪಂಚಮಿಗೊಂದು ಖಾನೆ

ಮೆಲ್ಕಾರ್
10 ನವೆಂಬರ್ 2025

ಗೌರವಾನ್ವಿತ ಅನಂತಮತಿ ಟೀಚರಿಗೆ, ಶಮ್ನಾಳ ನಮಸ್ಕಾರಗಳು.

ವಾಟ್ಸಾಪಿನಲ್ಲಿ ಕಳಿಸಿದ ಮೂರು ಸಂದೇಶಗಳಿಗೂ ನಿಮ್ಮಿಂದ ಉತ್ತರ ಬರಲಿಲ್ಲ. ನೀಲಿ ಗುರುತು ಮಾತ್ರ ಬಂತು. ಓದಿದ್ದೀರಿ ಎಂದು ಗೊತ್ತಾಯಿತು. ಕಾಗುಣಿತ ನೋಡಿ ಸಿಟ್ಟು ಬಂದಿದೆ ಎಂದೂ ಗೊತ್ತಾಯಿತು. ಆದ್ದರಿಂದ ಕಾಗದ ಬರೆದು ಅಂಚೆಗೆ ಹಾಕುತ್ತಿದ್ದೇನೆ. ಎಂಟನೆಯ ತರಗತಿಯಲ್ಲಿ ಕಿಟಕಿಯ ಬದಿಗೆ ಕೂತು, ಪ್ರಶ್ನೆ ಕೇಳಿ ಕೇಳಿ, ಕೊನೆಗೆ ನಿಂತೇ ಪಾಠ ಕಲಿತವಳು ನಾನು. ನೆನಪಿರಬಹುದು.

ವಿಷಯ ಏನೆಂದರೆ, ನಿಮ್ಮ ಬೆಳುವಾಯಿಯ ನೀರಿನ ಸಮಿತಿಯವರು ಪಂಪನ್ನು ಮೊಬೈಲಿನಿಂದ ನಡೆಸುವ ನಮ್ಮ ಆ್ಯಪನ್ನು ಮೂರು ತಿಂಗಳ ಪರೀಕ್ಷೆಗೆ ತೆಗೆದುಕೊಂಡಿದ್ದಾರೆ. ಸಮಿತಿಯ ಅಧ್ಯಕ್ಷರಾದ ಶಾಂತಿಪ್ರಸಾದರು ನಿಮ್ಮ ಯಜಮಾನರು ಎಂಬುದು ಸಹಿ ಆದ ಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಒಪ್ಪಂದದ ಕಾಗುಣಿತವನ್ನು ಇನ್ನೊಮ್ಮೆ ನೋಡುತ್ತಿದ್ದೆ.

ಕಂಪೆನಿ ಎಂದರೆ ನಾನು ಮತ್ತು ನನ್ನ ತಮ್ಮ ಅಸ್ಕರ್. ಕಚೇರಿ ಎಂದರೆ ನನ್ನ ಬಾಪ ಯಾಕೂಬ್ ಅವರ ಚಪ್ಪಲಿ ಅಂಗಡಿಯ ಮಾಳಿಗೆ. ಬಾಪ ಒಂದೇ ಮಾತು ಹೇಳಿದ್ದಾರೆ: "ಪೆರ್ನಾಲ್ ಹಬ್ಬದ ಸ್ಟಾಕು ಫೆಬ್ರವರಿಯಲ್ಲಿ ಬರ್ತದೆ. ಅಷ್ಟರೊಳಗೆ ನಿಮ್ಮ ನೀರಿನ ಕೆಲಸ ಗಟ್ಟಿಯಾದರೆ ರೂಮು ನಿಮಗೆ. ಇಲ್ಲದಿದ್ದರೆ ಚಪ್ಪಲಿಗೆ."

ಈಗ ನಿಮ್ಮ ಸಹಾಯ ಬೇಕು. ಆ್ಯಪಿನಲ್ಲಿ ಏನು ನಡೆದರೂ ಅದು ತಾನಾಗಿ ಒಂದು ಸಾಲು ಬರೆದಿಡುತ್ತದೆ. ಪಂಪು ಹೊರಟರೆ ಒಂದು ಸಾಲು, ನಿಂತರೆ ಒಂದು, ಟ್ಯಾಂಕಿ ತುಂಬಿದರೆ ಒಂದು. ಇದನ್ನು ಲಾಗ್ ಎನ್ನುತ್ತಾರೆ. ಸಾಲುಗಳೆಲ್ಲ ಡೇಟಾಬೇಸಿಗೆ ಹೋಗಿ ಸೇರುತ್ತವೆ. ಮುಂದೆ ಯಾವಾಗ ಕೇಳಿದರೂ ಅದು ಹುಡುಕಿ ಕೊಡುತ್ತದೆ. ಪಂಪು ನೋಡಿಕೊಳ್ಳುವ ಜತ್ತಪ್ಪಣ್ಣನ ಮೊಬೈಲಿಗೂ ಅದೇ ಸಾಲು ಹೋಗುತ್ತದೆ. ಅವರಿಗೆ ಕನ್ನಡದಲ್ಲೇ ಬೇಕು. ಅಸ್ಕರ್ ಇಂಗ್ಲಿಷ್ ಸಾಲುಗಳನ್ನು ಕಂಪ್ಯೂಟರಿನಿಂದಲೇ ಕನ್ನಡ ಮಾಡಿಸಿದ. ಪಂಪು ಕೆಟ್ಟಾಗ 'ಪಂಪು ಅನುತ್ತೀರ್ಣವಾಗಿದೆ' ಎಂದು ಬಂತು. ಜತ್ತಪ್ಪಣ್ಣ ಫೋನು ಮಾಡಿ, "ಅದಕ್ಕೆ ಪುನಃ ಪರೀಕ್ಷೆ ಯಾವಾಗ ಉಂಟು?" ಎಂದು ಕೇಳಿದರು.

ಈ ಸಾಲುಗಳನ್ನು ನೀವು ಬರೆದುಕೊಡುವಿರಾ?

ನಿಮ್ಮ ವಿದ್ಯಾರ್ಥಿನಿ,
ಶಮ್ನಾ


ಬೆಳುವಾಯಿ
17 ನವೆಂಬರ್ 2025

ಚಿ. ಶಮ್ನಾಳಿಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ತಿದ್ದಿ, ಇದೇ ಲಕೋಟೆಯಲ್ಲಿ ಹಿಂದಿರುಗಿಸಿದ್ದೇನೆ. 'ವಿಷಯ ಏನೆಂದರೆ' ಎಂದು ವಾಕ್ಯವನ್ನು ಆರಂಭಿಸುವವರು ವಿಷಯವನ್ನು ಇನ್ನೂ ಹುಡುಕುತ್ತಿರುವವರು. ಉಳಿದ ಕೆಂಪು ಗುರುತುಗಳ ಅರ್ಥ ನಿನಗೆ ತಿಳಿದಿದೆ.

ನೀನು ನನಗೆ ಚೆನ್ನಾಗಿ ನೆನಪಿದ್ದೀಯೆ. ನಾನು ವಿಭಕ್ತಿ ಪ್ರತ್ಯಯಗಳನ್ನು ಕಲಿಸುತ್ತಿದ್ದಾಗ, ಪಂಚಮೀ ವಿಭಕ್ತಿಗೆ 'ದೆಸೆಯಿಂದ' ಎಂದು ಹೇಳಿ 'ಮರದ ದೆಸೆಯಿಂದ ಹಣ್ಣು ಬಿದ್ದಿತು' ಎಂದು ಹಲಗೆಯ ಮೇಲೆ ಬರೆದೆ. ನೀನು ಎದ್ದು ನಿಂತು, "ಹೀಗೆ ಯಾರು ಮಾತಾಡ್ತಾರೆ ಟೀಚರ್? ನಮ್ಮ ಮನೆಯಲ್ಲೂ ಇಲ್ಲ, ಬಸ್ಸಿನಲ್ಲೂ ಇಲ್ಲ" ಎಂದೆ. ಬೇಕಾಗುವ ದಿನ ಬರುತ್ತದೆ ಎಂದು ನಾನು ಉತ್ತರಿಸಿದೆ. ಆ ದಿನ ಇನ್ನೂ ಬಂದಿಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ವಿಭಕ್ತಿಗೆ ಅವಸರವಿಲ್ಲ.

ಕೆಲಸವನ್ನು ಒಪ್ಪಿಕೊಂಡಿದ್ದೇನೆ. ಸಂಭಾವನೆಯ ಮಾತನ್ನು ಎತ್ತಕೂಡದು. ನಾನು ಬರೆದದ್ದರಲ್ಲಿ ಒಂದು ಅಲ್ಪವಿರಾಮವನ್ನೂ ನನ್ನ ಅನುಮತಿಯಿಲ್ಲದೆ ಕದಲಿಸಕೂಡದು. ಮತ್ತು ಒಪ್ಪಂದವು ಮುಂದುವರಿಯಬೇಕೆಂದು ನಾನು ಯಜಮಾನರಲ್ಲಿ ಶಿಫಾರಸು ಮಾಡುವೆನೆಂಬ ಆಸೆಯನ್ನು ಇಟ್ಟುಕೊಳ್ಳಕೂಡದು. ಅವರು ಸಮಿತಿಗೆ ಅಧ್ಯಕ್ಷರು, ಮನೆಗೆ ಸಾಮಾನ್ಯ ಸದಸ್ಯರು. ಎರಡು ಸ್ಥಾನಗಳನ್ನು ಅವರು ಬೆರೆಸುವುದಿಲ್ಲ. ಬೆರೆಸಲು ನಾನು ಬಿಡುವುದೂ ಇಲ್ಲ.

ಯಂತ್ರಕ್ಕೂ ಒಳ್ಳೆಯ ಕನ್ನಡ ಬರಲಿ ಎಂಬುದಷ್ಟೇ ನನ್ನ ಉದ್ದೇಶ.

ಇಂತು,
ಅನಂತಮತಿ


ಬೆಳುವಾಯಿ
6 ಡಿಸೆಂಬರ್ 2025

ಚಿ. ಶಮ್ನಾಳಿಗೆ ಆಶೀರ್ವಾದಗಳು.

ವಾಕ್ಯಗಳನ್ನು ಇದರೊಡನೆ ಕಳುಹಿಸಿದ್ದೇನೆ. ಮೂಡುಬಿದಿರೆಯಿಂದ ಹೊಸ ಲೇಖನಿಯನ್ನು ತರಿಸಿ ಬರೆದಿದ್ದೇನೆ. ಅಕ್ಷರ ಓದಲಾಗಲಿಲ್ಲವೆಂಬ ನೆಪ ನಡೆಯದು.

ಒಂದೇ ಪದವನ್ನು ಒಂದೇ ಪುಟದಲ್ಲಿ ಎರಡು ಬಾರಿ ಬಳಸುವುದು ಭಾಷೆಯ ದಾರಿದ್ರ್ಯವೆಂದು ಪ್ರಬಂಧದ ತರಗತಿಯಲ್ಲಿ ನಾನು ಹೇಳುತ್ತಿದ್ದೆ. ಪಂಪು ದಿನಕ್ಕೆ ಹಲವು ಬಾರಿ ನಿಲ್ಲುತ್ತದೆಯೆಂದು ಯಜಮಾನರಿಂದ ತಿಳಿದೆ. ಪ್ರತಿ ಸಲವೂ 'ನಿಂತಿತು, ನಿಂತಿತು' ಎಂದರೆ ಓದುವ ಜತ್ತಪ್ಪನ ಗತಿಯೇನು? ಆದ್ದರಿಂದ ಈ ಒಂದು ಸಂಗತಿಗೇ ಹಲವು ವಾಕ್ಯಗಳನ್ನು ಕಟ್ಟಿದ್ದೇನೆ: ಪಂಪು ನಿಂತಿತು, ಪಂಪು ಸ್ಥಗಿತಗೊಂಡಿತು, ಪಂಪು ವಿರಮಿಸಿತು, ಪಂಪು ಮೌನವಹಿಸಿತು, ಪಂಪು ತನ್ನ ಕಾಯಕಕ್ಕೆ ತಾತ್ಕಾಲಿಕ ವಿದಾಯ ಹೇಳಿತು. ಇನ್ನೂ ಕೆಲವು ಪುಟದ ಹಿಂಬದಿಯಲ್ಲಿವೆ. ಟ್ಯಾಂಕಿ ತುಂಬಿದ್ದಕ್ಕೆ 'ಜಲಾಗಾರವು ಕಂಠಪೂರ್ತಿ ತುಂಬಿದೆ' ಎಂಬುದು ಶ್ರೇಷ್ಠ. 'ವಿದ್ಯುತ್ತು ಮುನಿದಿದೆ' ಎಂಬುದು ರೂಪಕ. ಅದನ್ನು ಬೇಸಗೆಯಲ್ಲಿ ಮಾತ್ರ ಬಳಸು.

ಇಂತು,
ಅನಂತಮತಿ


ಮೆಲ್ಕಾರ್
14 ಡಿಸೆಂಬರ್ 2025

ಪ್ರೀತಿಯ ಟೀಚರಿಗೆ ನಮಸ್ಕಾರಗಳು.

ವಾಕ್ಯಗಳು ಬಂದವು. ಓದಿ ಅಸ್ಕರನಿಗೆ ತುಂಬ ಖುಷಿಯಾಯಿತು. ಒಂದೊಂದು ಸಲ ಒಂದೊಂದು ವಾಕ್ಯ ಬರುವ ಹಾಗೆ ಆ್ಯಪಿನಲ್ಲಿ ಜೋಡಿಸಿಬಿಟ್ಟಿದ್ದಾನೆ. ಮೊದಲ ದಿನವೇ ಜತ್ತಪ್ಪಣ್ಣ ಫೋನು ಮಾಡಿ, "ಇದು ನಮ್ಮ ಟೀಚರೇ ಬರೆದದ್ದಲ್ವಾ? ಓದುವಾಗ ನಾನು ಎದ್ದು ನಿಂತೆ" ಅಂದರು.

ಬಾಪ ಮಾಳಿಗೆಯ ಮೆಟ್ಟಿಲಿನ ಮೇಲೆ ಚಪ್ಪಲಿಯ ಪೆಟ್ಟಿಗೆಗಳನ್ನು ಇಡಲು ಆರಂಭಿಸಿದ್ದಾರೆ. ಕೇಳಿದರೆ, "ಅದು ಸುಮ್ಮನೆ ಕೂತದ್ದು. ನಿಮಗೆ ಎಂಥ ಉಪದ್ರ?" ಎನ್ನುತ್ತಾರೆ. ಹತ್ತುವಾಗ ಒಂದು ಕಾಲು ಓರೆ ಇಡಬೇಕಾಗುತ್ತದೆ.

ನಿಮ್ಮ,
ಶಮ್ನಾ


ಬೆಳುವಾಯಿ
9 ಜನವರಿ 2026

ಚಿ. ಶಮ್ನಾಳಿಗೆ.

ಮೊನ್ನೆ ಇಲ್ಲಿ ನಡೆದುದನ್ನು ನೀನು ತಿಳಿಯಬೇಕು.

ಜೈನರಾದ ನಾವು ಸೂರ್ಯಾಸ್ತದ ಅನಂತರ ಉಣ್ಣುವವರಲ್ಲವೆಂಬುದು ನಿನಗೆ ಗೊತ್ತು. ಸಂಜೆಯ ಅಡುಗೆಗೆ ಕುಳಿತಾಗ ನಲ್ಲಿಯಲ್ಲಿ ನೀರಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಳಸುವ ಮನೆ ನಮ್ಮದು. ಅಂದು ಸೋಸಲು ಬಟ್ಟೆ ಮಾತ್ರ ಇತ್ತು. ನೆರೆಮನೆಯವರ ಕೊಡಗಳೂ ಖಾಲಿ. ಸೂರ್ಯನು ನಮಗಾಗಿ ಕಾಯಲಿಲ್ಲ. ಸಮಿತಿಯ ಅಧ್ಯಕ್ಷರು ಎರಡು ಬಾಳೆಹಣ್ಣು ತಿಂದು ಮಲಗಿದರು. ಬೆಳಗ್ಗೆ ನಾನು ಪಂಪಿನ ಮನೆಗೇ ಹೋದೆ.

ಜತ್ತಪ್ಪನೂ ನನ್ನ ಹಳೆಯ ವಿದ್ಯಾರ್ಥಿ. ಊರೆಲ್ಲ ತುಳುವಿನಲ್ಲಿ ಮಾತನಾಡುವ ಅವನು ನನ್ನೊಡನೆ ಮಾತ್ರ ಕನ್ನಡದಲ್ಲಿ ಮಾತನಾಡುತ್ತಾನೆ. ಅದು ಪ್ರೀತಿಯಿಂದಲ್ಲ, ಭಯದಿಂದ.

"ಜತ್ತಪ್ಪಾ, ನಿನ್ನೆ ಪಂಪು ಕೆಟ್ಟಿದ್ದು ನಿನಗೆ ತಿಳಿಯಲಿಲ್ಲವೇ?"

"ಕೆಟ್ಟಿದ್ದಾ? ಇಲ್ಲ ಟೀಚರ್, ಎಲ್ಲ ಒಳ್ಳೇದುಂಟು ಅಂತ ಮೆಸೇಜು ಬಂದಿದೆ ನೋಡಿ."

ಮೊಬೈಲನ್ನು ಮುಂದೆ ಹಿಡಿದ. 'ಪಂಪು ಮೌನವಹಿಸಿತು' ಎಂದಿತ್ತು.

"ಇದರಲ್ಲಿ ಒಳ್ಳೆಯದೇನು ಕಂಡೆ?"

"ಅಲ್ಲ ಟೀಚರ್, ಅದು ಮೊದಲು ಗೊರಗೊರ ಅಂತ ಎಂಥ ಶಬ್ದ ಮಾಡ್ತಿತ್ತು. ಬೇರಿಂಗ್ ಹೋಗಿದೆ ಅಂತ ಅಧ್ಯಕ್ಷರಿಗೆ ನಾನೇ ಹೇಳಿದ್ದೆ. ಈಗ ಮೌನ ಆಯ್ತು ಅಂದ್ರೆ ಯಾರೋ ರಿಪೇರಿ ಮಾಡಿಸಿದ್ದಾರೆ ಅಂತ ಎಣಿಸಿದೆ."

"ಅದರ ಹಿಂದಿನ ದಿನ 'ವಿರಮಿಸಿತು' ಎಂದು ಬಂದಿದೆಯಲ್ಲ?"

"ಅದಾ? ಟೀವಿಯಲ್ಲಿ ವಿರಾಮದ ನಂತರ ವಾಪಸು ಬರ್ತದಲ್ಲ, ಹಾಗೆ ಬರ್ತದೆ ಅಂತ ಕಾದೆ. ರಾತ್ರಿವರೆಗೂ ಬರ್ಲಿಲ್ಲ."

ನಾನು ಮನೆಗೆ ಬಂದೆ. ಯಜಮಾನರು "ಮೌನ ಬಹಳ ಒಳ್ಳೆಯ ಪದ" ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದರು. ಅವರಿಗೆ ಯಾರು ಹೇಳಿದರೆಂದು ನಾನು ವಿಚಾರಿಸಲಿಲ್ಲ.

ದೋಷವು ನನ್ನ ವಾಕ್ಯದಲ್ಲಿಲ್ಲ, ಓದುಗನಲ್ಲಿದೆ ಎಂದೇ ನನ್ನ ಅಭಿಪ್ರಾಯ. ನಿನ್ನದನ್ನು ತಿಳಿಸು.

ಇಂತು,
ಅನಂತಮತಿ


ಮೆಲ್ಕಾರ್
13 ಜನವರಿ 2026

ಪ್ರೀತಿಯ ಟೀಚರಿಗೆ ನಮಸ್ಕಾರಗಳು.

ನನ್ನ ಅಭಿಪ್ರಾಯ ಕೇಳಿದ್ದೀರಿ. ಈ ಪತ್ರವನ್ನು ನಾನು ಎರಡು ಸಲ ಹರಿದು ಬರೆದೆ.

ಅಧ್ಯಕ್ಷರು ನಿನ್ನೆ ಫೋನು ಮಾಡಿ ಎರಡೇ ಪ್ರಶ್ನೆ ಕೇಳಿದರು. ಪಂಪು ಈ ತಿಂಗಳು ಎಷ್ಟು ಸಲ ನಿಂತಿದೆ? ಏಕೆ? ಫೆಬ್ರವರಿ ಹದಿನೈದರ ಸಭೆಯಲ್ಲಿ ಇದಕ್ಕೆ ಉತ್ತರ ಕೊಡುವ ಆ್ಯಪಾದರೆ ಇಟ್ಟುಕೊಳ್ಳುತ್ತಾರಂತೆ, ಇಲ್ಲದಿದ್ದರೆ ಇಲ್ಲ. ಬೆಳ್ತಂಗಡಿಯ ಇನ್ನೊಂದು ನೀರಿನ ಸಮಿತಿಯವರೂ, "ಬೆಳುವಾಯಿಯವರು ಇಟ್ಟುಕೊಂಡರೆ ನಾವೂ ನೋಡುವ" ಎಂದಿದ್ದಾರೆ. ಅಂದರೆ ನಮ್ಮ ಮಾಳಿಗೆ ನಿಂತಿರುವುದು ಆ ಎರಡು ಪ್ರಶ್ನೆಗಳ ಮೇಲೆ.

ನಾನು ಡೇಟಾಬೇಸನ್ನು ಕೇಳಿದೆ: ಪಂಪು ಎಷ್ಟು ಸಲ 'ನಿಂತಿತು'? 'ಒಮ್ಮೆ' ಎಂದು ಉತ್ತರ ಬಂತು. ಉಳಿದ ಸಲವೆಲ್ಲ ಅದು ವಿರಮಿಸಿದೆ, ಮೌನವಹಿಸಿದೆ, ವಿದಾಯ ಹೇಳಿದೆ. ಇವೆಲ್ಲ ಒಂದೇ ಎಂದು ಅದಕ್ಕೆ ಗೊತ್ತಿಲ್ಲ. ಅದು ನಿಮ್ಮ ತರಗತಿಯಲ್ಲಿ ಕೂತಿಲ್ಲ. ಏಕೆ ನಿಂತಿತು ಎಂಬುದಂತೂ ಯಾವ ವಾಕ್ಯದಲ್ಲೂ ಇಲ್ಲ.

ನಾವು ಮೊದಲೇ ನಿಮಗೆ ಹೇಳಬೇಕಿತ್ತು. ಲಾಗಿಗೆ ಬೇಕಾದದ್ದು ವಾಕ್ಯವಲ್ಲ, ಖಾನೆ. ಹಾಜರಿ ಪುಸ್ತಕದಲ್ಲಿ ಹೆಸರಿಗೊಂದು, ದಿನಕ್ಕೊಂದು ಖಾನೆ ಇರುವ ಹಾಗೆ. ಯಾರೂ ಅದರಲ್ಲಿ 'ಇಂದು ಶಮ್ನಾ ತನ್ನ ಅನುಪಸ್ಥಿತಿಯಿಂದ ತರಗತಿಯನ್ನು ಬಡವಾಗಿಸಿದಳು' ಎಂದು ಬರೆಯುವುದಿಲ್ಲವಲ್ಲ. ಅದೇ ಪದ ಅದೇ ಜಾಗದಲ್ಲಿ ಪ್ರತಿ ಸಲ ಬಂದರೆ ಮಾತ್ರ ಯಂತ್ರ ಎಣಿಸುತ್ತದೆ.

ಆದ್ದರಿಂದ ನಿಮ್ಮ ವಾಕ್ಯಗಳನ್ನು ತೆಗೆದಿದ್ದೇವೆ. ಸದ್ಯಕ್ಕೆ ಇಂಗ್ಲಿಷಿನ ಚಿಕ್ಕ ಚಿಕ್ಕ ಪದಗಳನ್ನೇ ಹಾಕಿದ್ದೇವೆ. ಹಳೆಯ ಸಾಲುಗಳು ಹೇಗೂ ತೊಂಬತ್ತು ದಿನವಾದ ಮೇಲೆ ತಾವಾಗಿ ಅಳಿದುಹೋಗುತ್ತವೆ. ಟ್ಯಾಂಕಿಯೊಂದೇ ಪ್ರತಿ ನಿಮಿಷಕ್ಕೆ ಒಂದು ಸಾಲು ಕಳಿಸುವುದರಿಂದ ಎಲ್ಲವನ್ನೂ ಇಟ್ಟುಕೊಳ್ಳಲು ಜಾಗ ಸಾಲುವುದಿಲ್ಲ.

ನಿಮ್ಮ,
ಶಮ್ನಾ


ಬೆಳುವಾಯಿ
17 ಜನವರಿ 2026

ಶಮ್ನಾಳಿಗೆ.

ನಿನ್ನ ಪತ್ರ ತಲುಪಿತು. ಈ ಬಾರಿ ತಿದ್ದಿಲ್ಲ.

ಬರೆದುದನ್ನು ಅಳಿಸುವುದು ಸ್ಲೇಟಿನ ಧರ್ಮ. ನನ್ನ ವಾಕ್ಯಗಳಿಗೆ ತೊಂಬತ್ತು ದಿನಗಳ ಆಯುಸ್ಸು ಸಹ ದೊರೆಯಲಿಲ್ಲ. ಅವುಗಳನ್ನು ಬರೆದ ಹಾಳೆಗಳನ್ನು ಹಿಂದಕ್ಕೆ ಕಳುಹಿಸು. ಹಿಂಬದಿಯಲ್ಲಿರುವವೂ ಸೇರಿ.

ಅನಂತಮತಿ


ಮೆಲ್ಕಾರ್
24 ಜನವರಿ 2026

ಪ್ರೀತಿಯ ಟೀಚರಿಗೆ ನಮಸ್ಕಾರಗಳು.

ಹಾಳೆಗಳನ್ನು ಕಳಿಸುತ್ತಿಲ್ಲ. ಅಸ್ಕರ್ ಅವುಗಳನ್ನು ಗೋಡೆಗೆ ಅಂಟಿಸಿದ್ದಾನೆ. ತೆಗೆದರೆ ಸುಣ್ಣ ಬರುತ್ತದೆ.

ಬುಧವಾರ ಮಧ್ಯಾಹ್ನ ನಿಮ್ಮ ಕಡೆ ನೀರು ನಿಂತದ್ದು ಏಕೆ ಎಂದು ಹೇಳಲು ಬರೆಯುತ್ತಿದ್ದೇನೆ. ಕರೆಂಟು ಹೋಗಿ ಪಂಪು ಒಂದು ಕ್ಷಣ ನಿಂತಿತು. ಕರೆಂಟು ಬಂದದ್ದೇ ತಾನಾಗಿ ಹೊರಟಿತು. ಆದರೆ ಆ ಒಂದು ಕ್ಷಣದ ಸಾಲು ಜತ್ತಪ್ಪಣ್ಣನ ಮೊಬೈಲಿಗೆ ಹೋಯಿತು. ನಾವು ಇಂಗ್ಲಿಷಿನಲ್ಲಿ 'ಪಂಪ್ ಸ್ಟಾಪ್' ಎಂದು ಹಾಕಿದ್ದೆವು. ಅವರು ಗದ್ದೆಯಿಂದ ಓಡಿ ಬಂದು, ಚೆನ್ನಾಗಿ ನಡೆಯುತ್ತಿದ್ದ ಪಂಪನ್ನು ಆಫ್ ಮಾಡಿದರು.

ಫೋನಿನಲ್ಲಿ ಕೇಳಿದೆ, "ಜತ್ತಪ್ಪಣ್ಣಾ, ನಡೀತಾ ಇದ್ದದ್ದನ್ನು ಯಾಕೆ ನಿಲ್ಸಿದ್ದು?"

"ನೀವೇ ಅಲ್ವಾ ಸ್ಟಾಪ್ ಅಂತ ಹೇಳಿದ್ದು? ಇಂಗ್ಲಿಷಲ್ಲಿ ಬೇರೆ ಹೇಳಿದ್ರಿ. ನಾನು ಜೋರುಂಟು ಅಂತ ಎಣಿಸಿದೆ."

ಅಸ್ಕರ್ ನಗಾಡಿದ. ನನಗೆ ನಗು ಬರಲಿಲ್ಲ. ಪೆಟ್ಟಿಗೆಗಳು ಮೆಟ್ಟಿಲು ಮುಗಿಸಿ ಮಾಳಿಗೆಗೆ ಬಂದಿವೆ. ನನ್ನ ಕುರ್ಚಿಯ ಹಿಂದೆ ಮಕ್ಕಳ ಸ್ಯಾಂಡಲ್, ಅಸ್ಕರನ ಎಡಕ್ಕೆ ಗಂಡಸರ ಶೂ. ಸಭೆಗೆ ಮೂರು ವಾರ ಉಂಟು.

ಒಂದು ಖಾಲಿ ಹಾಳೆಯಲ್ಲಿ ಉದ್ದಕ್ಕೆ ಖಾನೆಗಳನ್ನು ಎಳೆದು ಇದರೊಡನೆ ಇಟ್ಟಿದ್ದೇನೆ. ಮೇಲೆ ಏನು ಬರೆಯಬೇಕು ಎಂದು ನನಗೆ ಗೊತ್ತಾಗುತ್ತಿಲ್ಲ. ಇಂಗ್ಲಿಷಿನಲ್ಲಿ ಗೊತ್ತು, ಅದು ಬುಧವಾರ ಏನು ಮಾಡಿತು ಎಂದೂ ಗೊತ್ತು.

ನಿಮ್ಮ,
ಶಮ್ನಾ


ಬೆಳುವಾಯಿ
28 ಜನವರಿ 2026

ಚಿ. ಶಮ್ನಾಳಿಗೆ ಆಶೀರ್ವಾದಗಳು.

ಜತ್ತಪ್ಪನು ತಪ್ಪು ಮಾಡಿಲ್ಲ. ಆ ಆಂಗ್ಲಪದವು ನಡೆದುದನ್ನೂ ಹೇಳುತ್ತದೆ, ಅಪ್ಪಣೆಯನ್ನೂ ಕೊಡುತ್ತದೆ. ಕನ್ನಡದಲ್ಲಿ 'ನಿಂತಿತು' ಎಂಬುದು ಭೂತಕಾಲ, 'ನಿಲ್ಲಿಸು' ಎಂಬುದು ವಿಧ್ಯರ್ಥ. ಒಂದನ್ನು ಕೇಳಿ ಇನ್ನೊಂದನ್ನು ಮಾಡುವ ಮೂರ್ಖರು ನಮ್ಮ ತಾಲೂಕಿನಲ್ಲಿಲ್ಲ. ಅಷ್ಟೇ ಅಲ್ಲ. ತಾನಾಗಿ 'ನಿಂತಿತು' ಬೇರೆ, ಒಬ್ಬನು 'ನಿಲ್ಲಿಸಿದನು' ಬೇರೆ. ನಿನ್ನ ಹಳೆಯ ಲಾಗಿಗೆ ಈ ಭೇದವೇ ತಿಳಿದಿರಲಿಲ್ಲ.

ನೀನು ಎಳೆದ ಖಾನೆಗಳ ಹಾಳೆಯನ್ನು ಮೇಜಿನ ಮೇಲಿಟ್ಟು ಒಂದು ಮಧ್ಯಾಹ್ನ ನೋಡುತ್ತ ಕುಳಿತೆ. ಅನಂತರ ನಗು ಬಂತು. ಇದನ್ನು ನಾನು ವೃತ್ತಿಯುದ್ದಕ್ಕೂ ಹಲಗೆಯ ಮೇಲೆ ಎಳೆಯುತ್ತ ಬಂದಿದ್ದೇನೆ. ಇದು ವಿಭಕ್ತಿಯ ಪಟ್ಟಿ.

ಪ್ರಥಮೆಗೆ 'ಯಾರು' ಎಂದು ಬರೆ: ಪಂಪು, ಜತ್ತಪ್ಪನು, ಆ್ಯಪು. ಕರ್ತೃವಿಲ್ಲದ ಸಾಲು ನಿನ್ನ ಡೇಟಾಬೇಸಿನ ಹೊಸ್ತಿಲನ್ನು ದಾಟಕೂಡದು. ಕ್ರಿಯೆಗೆ ಬೇರೆಯೇ ಖಾನೆ. ಅಲ್ಲಿ ಭೂತಕಾಲದ, ಮೊದಲೇ ಗೊತ್ತುಮಾಡಿದ ಪದಗಳು ಮಾತ್ರ. ಸಂಗತಿಗೆ ಒಂದೇ ಪದ. ಎಷ್ಟು ಬಾರಿ ನಿಂತರೂ 'ನಿಂತಿತು' ಎಂದೇ. ಇದನ್ನು ಬರೆಯುವ ಮೊದಲು ಹೊಸ ಲೇಖನಿಯ ಮುಚ್ಚಳವನ್ನು ಎರಡು ಬಾರಿ ಹಾಕಿ ತೆಗೆದೆ. ದ್ವಿತೀಯೆಗೆ 'ಏನನ್ನು'. 'ನಿಂತಿತು' ಅಕರ್ಮಕವಾದ್ದರಿಂದ ಅಲ್ಲಿ ಈ ಖಾನೆ ಖಾಲಿಯಿರಬಹುದು. 'ನಿಲ್ಲಿಸಿದನು' ಸಕರ್ಮಕ, ಅಲ್ಲಿ ಖಾಲಿ ಬಿಡುವಂತಿಲ್ಲ. ತೃತೀಯೆಗೆ 'ಯಾವುದರಿಂದ': ಮೊಬೈಲಿನಿಂದಲೋ, ಗೋಡೆಯ ಗುಂಡಿಯಿಂದಲೋ. ಚತುರ್ಥಿಗೆ ಯಾವ ಟ್ಯಾಂಕಿಗೆ ಎಂಬುದು. ಸಪ್ತಮಿಗೆ ಎರಡು ಖಾನೆ ಕೊಡು, 'ಎಲ್ಲಿ' ಮತ್ತು 'ಯಾವಾಗ'.

ಷಷ್ಠಿಯನ್ನು ಬಿಡು. ಯಾರ ಮನೆಯ ನೀರು, ಯಾರ ಮನೆಯ ನಲ್ಲಿ ಎಂಬುದು ಊರಿನವರೆಲ್ಲ ಓದುವ ಸಾಲಿನಲ್ಲಿ ಇರಬೇಕಾದ ಸಂಗತಿಯಲ್ಲ. ಮನೆಗಳ ಮರ್ಯಾದೆ ಮುಖ್ಯ.

ಉಳಿದದ್ದು ಪಂಚಮಿ.

ಅಧ್ಯಕ್ಷರ ಎರಡನೆಯ ಪ್ರಶ್ನೆ 'ಏಕೆ' ಎಂಬುದಲ್ಲವೇ? ಪಂಚಮಿಯು ಅಗಲಿಕೆಯನ್ನು ಹೇಳುವಂತೆ ಕಾರಣವನ್ನೂ ಹೇಳುತ್ತದೆ. ಆದ್ದರಿಂದ ಆ ಖಾನೆಯ ಮೇಲೆ ದಪ್ಪ ಅಕ್ಷರಗಳಲ್ಲಿ 'ಏತರ ದೆಸೆಯಿಂದ' ಎಂದು ಬರೆ. ಇದು ಯಾವ ಕಾರಣಕ್ಕೂ ಖಾಲಿಯಿರಕೂಡದು. ಯಂತ್ರಕ್ಕೆ ತಿಳಿದಿದ್ದರೆ ಯಂತ್ರ ತುಂಬಲಿ. ಮನುಷ್ಯ ನಿಲ್ಲಿಸಿದ್ದಾದರೆ ಮನುಷ್ಯ ತುಂಬಲಿ. ನಿಜವಾಗಿ ತಿಳಿಯದಿದ್ದರೆ 'ತಿಳಿಯದು' ಎಂದು ಬರೆಯಲಿ. ಖಾಲಿ ಬಿಟ್ಟ ಸಾಲನ್ನು ಹಿಂದಕ್ಕೆ ಕಳುಹಿಸು.

'ಹೀಗೆ ಯಾರು ಮಾತಾಡ್ತಾರೆ' ಎಂದು ನೀನು ಕೇಳಿದ್ದೆ. ಪಂಪು ಮಾತನಾಡುತ್ತದೆ.

ತೊಂಬತ್ತು ದಿನಗಳ ನಿಯಮವನ್ನು ಕುರಿತು ಮತ್ತೆ ಯೋಚಿಸಿದೆ. ನಾನು ಉತ್ತರಪತ್ರಿಕೆಗಳನ್ನು ಒಂದು ವರ್ಷ ಇರಿಸಿ ಆಮೇಲೆ ಮಾರುತ್ತಿದ್ದೆ. ನಿಯಮ ಇರಲಿ.

ಇಂತು,
ಅನಂತಮತಿ


ಮೆಲ್ಕಾರ್
7 ಫೆಬ್ರವರಿ 2026

ಪ್ರೀತಿಯ ಟೀಚರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬಂದ ದಿನ ಅಸ್ಕರ್ ಊಟಕ್ಕೆ ಇಳಿಯಲಿಲ್ಲ. ಪಟ್ಟಿಯನ್ನು ನೀವು ಹೇಳಿದ ಹಾಗೆಯೇ ಕಟ್ಟಿದ. ಈಗ ಡೇಟಾಬೇಸಿಗೆ 'ಈ ವಾರ ಪಂಪು ಎಷ್ಟು ಸಲ ನಿಂತಿತು' ಎಂದು ಕೇಳಿದರೆ ಮರುಕ್ಷಣ ಉತ್ತರ ಕೊಡುತ್ತದೆ. 'ಏತರ ದೆಸೆಯಿಂದ' ಎಂದು ಕೇಳಿದರೆ ಹೆಚ್ಚಿನ ಸಲ 'ವೋಲ್ಟೇಜ್ ಇಳಿದುದರ ದೆಸೆಯಿಂದ' ಎನ್ನುತ್ತದೆ, ಒಂದು ಸಲ 'ಇಲಿಯ ದೆಸೆಯಿಂದ' ಎಂದಿದೆ. ಅದನ್ನು ಬರೆದವರು ಜತ್ತಪ್ಪಣ್ಣ. ಇಲಿ ವಯರು ಕಡಿದಿತ್ತು.

ಒಂದು ದಿನ ಅವರು ಫೋನು ಮಾಡಿ ಜಗಳ ಮಾಡಿದರು. "ನಾನು ಪಂಪು ನಿಲ್ಸಿದೆ, ಯಾಕೆ ಅಂತ ಕೇಳ್ತದೆ. ಸುಮ್ನೆ ಅಂತ ಒತ್ತಿದೆ, ತೆಗೊಳ್ಳುವುದಿಲ್ಲ. ಖಾಲಿ ಬಿಟ್ಟೆ, ತೆಗೊಳ್ಳುವುದಿಲ್ಲ. ಇದು ಎಂಥದು ಮಾರಾಯ್ತಿ, ಮನೆಯಲ್ಲಿ ಹೆಂಡ್ತಿಯೂ ಇಷ್ಟು ಕೇಳುವುದಿಲ್ಲ."

ನಾನು, "ನಿಯಮ ಟೀಚರದ್ದು ಜತ್ತಪ್ಪಣ್ಣಾ" ಅಂದೆ. ಆಮೇಲೆ, "ಹಾಗಾದರೆ ಬರೀತೇನೆ" ಅಂದರು.

ಪೆಟ್ಟಿಗೆಗಳು ಈಗ ಕಿಟಕಿಯನ್ನು ಮುಚ್ಚಿವೆ. ಹಗಲಿನಲ್ಲೂ ಲೈಟು ಹಾಕಿ ಕೆಲಸ ಮಾಡುತ್ತೇವೆ. ಬಾಪ ನಿನ್ನೆ ಬಂದು ನನ್ನ ಮೇಜಿನ ಅಳತೆ ತೆಗೆದರು. ಏಕೆ ಎಂದು ಹೇಳಲಿಲ್ಲ. ಅವರ ಪಂಚಮಿ ಖಾಲಿ.

ಸಭೆಗೆ ನಾನು ಬರಬಾರದು, ಸದಸ್ಯರು ಮಾತ್ರ ಎಂದು ಅಧ್ಯಕ್ಷರು ತಿಳಿಸಿದ್ದಾರೆ. ಏನಾಯಿತು ಎಂದು ನೀವೇ ಬರೆಯಬೇಕು.

ನಿಮ್ಮ,
ಶಮ್ನಾ


ಬೆಳುವಾಯಿ
16 ಫೆಬ್ರವರಿ 2026

ಚಿ. ಶಮ್ನಾಳಿಗೆ ಆಶೀರ್ವಾದಗಳು.

ಸಭೆಯು ನಮ್ಮ ಮನೆಯ ಚಾವಡಿಯಲ್ಲಿ ನಡೆಯಿತು. ನಾನು ಸದಸ್ಯೆಯಲ್ಲ, ಆದ್ದರಿಂದ ಒಳಕೋಣೆಯಲ್ಲಿದ್ದೆ. ಬಾಗಿಲು ಮುಚ್ಚಿರಲಿಲ್ಲ.

ಅಧ್ಯಕ್ಷರು ಮೊದಲಿಗೆ, "ಈ ಆ್ಯಪಿನಿಂದಾಗಿ ನಾನು ಒಂದು ದಿನ ಊಟವಿಲ್ಲದೆ ಮಲಗಿದ್ದೇನೆ. ಹಾಗಾಗಿ ನನ್ನ ಅಭಿಪ್ರಾಯ ನಿಷ್ಪಕ್ಷಪಾತ ಅಂತ ಹೇಳ್ಲಿಕ್ಕೆ ಬರುವುದಿಲ್ಲ. ಬೇಡ ಅಂತಲೇ ನನಗೆ ಕಾಣ್ತದೆ" ಎಂದರು. ಯಾರೂ ಎದುರಾಡಲಿಲ್ಲ. ನನಗೆ ಎದುರಾಡುವ ಅಧಿಕಾರವಿರಲಿಲ್ಲ. ಬಾಗಿಲಿನ ಚಿಲಕವನ್ನು ಹಿಡಿದುಕೊಂಡೆ.

ಆಗ ಖಜಾಂಚಿ ಸ್ವರ್ಣಲತಾ, "ಬೇಡ ಅನ್ನುವ ಮೊದಲು ಒಂದು ಕೇಳಿ ನೋಡುವ. ಮೊನ್ನೆ ಗುರುವಾರ ನಮ್ಮ ಕಡೆ ಇಡೀ ಬೆಳಿಗ್ಗೆ ನೀರಿರ್ಲಿಲ್ಲ. ಅದು ಯಾಕೆ?" ಎಂದಳು. ತನ್ನ ಮೊಬೈಲಿನಲ್ಲಿಯೇ ಹುಡುಕಿ, ಎಲ್ಲರಿಗೂ ಕೇಳಿಸುವಂತೆ ಓದಿದಳು.

"ಯಾರು, ಜತ್ತಪ್ಪನು. ಏನನ್ನು, ಪಂಪನ್ನು. ಕ್ರಿಯೆ, ನಿಲ್ಲಿಸಿದನು. ಯಾವುದರಿಂದ, ಗುಂಡಿಯಿಂದ. ಎಲ್ಲಿ, ಕೆಳಗಿನ ಬಾವಿಯಲ್ಲಿ. ಏತರ ದೆಸೆಯಿಂದ..."

ಅಲ್ಲಿಗೆ ನಿಂತಳು.

"ಓದು," ಎಂದರು ಅಧ್ಯಕ್ಷರು.

"ಅಧ್ಯಕ್ಷರ ತೆಂಗಿನಕಾಯಿಯ ದೆಸೆಯಿಂದ."

ಗುರುವಾರ ಬೆಳಗ್ಗೆ ಇವರು ಜತ್ತಪ್ಪನಿಗೆ ಫೋನು ಮಾಡಿ, ಕಾಯಿ ಕೀಳಲು ನಮ್ಮ ತೋಟಕ್ಕೆ ಕರೆಸಿಕೊಂಡಿದ್ದು ನನಗೆ ಗೊತ್ತಿತ್ತು. ಜತ್ತಪ್ಪ ಬಾಗಿಲ ಬಳಿ ನಿಂತಿದ್ದ.

"ನಾನು ಖಾಲಿ ಬಿಡ್ಲಿಕ್ಕೆ ನೋಡಿದೆ ಅಣ್ಣೇರೇ. ಅದು ಬಿಡ್ಲಿಲ್ಲ. 'ತಿಳಿಯದು' ಅಂತ ಹಾಕುವ ಅಂದ್ರೆ ನನಗೆ ತಿಳಿದಿತ್ತಲ್ಲ. ಟೀಚರ್ ಮಾಡಿದ ಖಾನೆಯಲ್ಲಿ ಸುಳ್ಳು ಬರೆಯುವುದು ಹೇಗೆ?"

ಮೊದಲು ನಕ್ಕವಳು ಸ್ವರ್ಣಲತಾ. ಅನಂತರ ಎಲ್ಲರೂ ನಕ್ಕರು. ನಗು ಅಡಗಿದ ಮೇಲೆ ಅಧ್ಯಕ್ಷರು ಕನ್ನಡಕವನ್ನು ತೆಗೆದು ಒರೆಸಿದರು. "ಇನ್ನು ನಾನು ಬೇಡ ಅಂದರೆ, ತೆಂಗಿನಕಾಯಿಯ ದೆಸೆಯಿಂದ ಬೇಡ ಅಂದೆ ಅಂತ ಆಗ್ತದೆ. ಮುಂದುವರಿಸುವ," ಎಂದರು.

ನಲವತ್ತು ವರ್ಷಗಳ ದಾಂಪತ್ಯದಲ್ಲಿ ಅವರ ಬಾಯಿಂದ ಪಂಚಮೀ ವಿಭಕ್ತಿಯನ್ನು ನಾನು ಕೇಳಿದ್ದು ಇದೇ ಮೊದಲು.

ಒಂದು ಪರಾಮರ್ಶೆ. 'ಅಧ್ಯಕ್ಷರ' ಎಂಬುದು ಷಷ್ಠಿ. ನಾನು ಬೇಡವೆಂದು ಹೊರಗಿಟ್ಟ ಷಷ್ಠಿಯು ಪಂಚಮಿಯ ಬೆನ್ನೇರಿ ಒಳಬಂದಿದೆ. ಇದಕ್ಕೆ ಏನು ಮಾಡಬಹುದೆಂದು ಅಸ್ಕರನೊಡನೆ ಯೋಚಿಸು.

ಸಂಗತಿಯನ್ನು ಇಷ್ಟು ವಿಸ್ತಾರವಾಗಿ ಬರೆಯುವ ಅಗತ್ಯವಿರಲಿಲ್ಲ. ಒಂದೇ ಸಾಲಿನಲ್ಲಿ ಹೇಳುವುದನ್ನು ನಾನೂ ಈಗ ಕಲಿತಿದ್ದೇನೆ. ನಿನ್ನ ಕಡತಕ್ಕಾಗಿ ಕೆಳಗೆ ಕೊಟ್ಟಿದ್ದೇನೆ.

ಯಾರು: ಅನಂತಮತಿಯು
ಏನನ್ನು: ಮರೆತಿದ್ದ ಪಾಠ ಹೇಳುವ ಕೆಲಸವನ್ನು
ಕ್ರಿಯೆ: ಮತ್ತೆ ಮಾಡಿದಳು
ಎಲ್ಲಿ: ಬೆಳುವಾಯಿಯಲ್ಲಿ
ಯಾವಾಗ: ಈ ಮೂರು ತಿಂಗಳುಗಳಲ್ಲಿ
ಏತರ ದೆಸೆಯಿಂದ:

ಇಂತು,
ಅನಂತಮತಿ


ಮೆಲ್ಕಾರ್
20 ಫೆಬ್ರವರಿ 2026

ಪ್ರೀತಿಯ ಟೀಚರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅಸ್ಕರ್ ಗಟ್ಟಿಯಾಗಿ ಓದಿದ. ಕೆಳಗಿನ ಅಂಗಡಿಯಿಂದ ಬಾಪ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದ್ದಾರೆ. ಮರುದಿನ ಬಂದು ನೋಡಿದರೆ ಕಿಟಕಿಯಲ್ಲಿ ಬೆಳಕು ಉಂಟು. ಪೆಟ್ಟಿಗೆಗಳೆಲ್ಲ ಕೆಳಗಿನ ಬಾಗಿಲಿನ ಬದಿಯಲ್ಲಿ ಸಾಲಾಗಿ ಕೂತಿವೆ. ಮೇಜಿನ ಅಳತೆ ತೆಗೆದದ್ದು ನಮಗೆ ದೊಡ್ಡ ಮೇಜು ಮಾಡಿಸಲಿಕ್ಕಂತೆ. ಮೊದಲೇ ಹೇಳಬಹುದಿತ್ತಲ್ಲ ಎಂದರೆ, "ನೀವು ಕೇಳಿದ್ದು ಯಾವಾಗ?" ಎಂದರು. ಕೇಳಿದ್ದೆವು.

ಬೆಳ್ತಂಗಡಿಯವರು ಮುಂದಿನ ವಾರ ಬರಲು ಹೇಳಿದ್ದಾರೆ. ನಮಗೆ ರಂಜಾನಿನ ನೋಂಬು ಆರಂಭವಾಗಿದೆ. ಅಧ್ಯಕ್ಷರಿಗೆ ಜನವರಿಯಲ್ಲೇ ಒಂದು ದಿನ ಪಂಪಿನ ದೆಸೆಯಿಂದ ಉಪವಾಸ ಆಗಿತ್ತು ಎಂದು ಬಾಪನಿಗೆ ಹೇಳಿದೆ. ಬಹಳ ಹೊತ್ತು ನಕ್ಕರು.

ಟೀಚರೇ, ಒಂದು ತೊಂದರೆ ಉಂಟು. ನೀವು ಕಡತಕ್ಕೆ ಕಳಿಸಿದ ಸಾಲನ್ನು ಡೇಟಾಬೇಸ್ ಒಳಗೆ ಬಿಡುತ್ತಿಲ್ಲ. ಪಂಚಮಿ ಖಾಲಿ ಉಂಟು. ನಿಯಮ ನಿಮ್ಮದೇ. ಹಾಗಾಗಿ ಆ ಹಾಳೆಯನ್ನು ಇದರೊಡನೆ ಹಿಂದಿರುಗಿಸಿದ್ದೇನೆ. ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ, ಕ್ಷಮಿಸಬೇಕು. ತುಂಬಿಸಿ ಕಳಿಸಿ.

ನಿಮ್ಮ ವಿದ್ಯಾರ್ಥಿನಿ,
ಶಮ್ನಾ


ಬೆಳುವಾಯಿ
25 ಫೆಬ್ರವರಿ 2026

ಚಿ. ಶಮ್ನಾಳಿಗೆ ಆಶೀರ್ವಾದಗಳು.

ಹಾಳೆ ತಲುಪಿತು. ನಿನ್ನ ಕೆಂಪು ಗುರುತು ಸರಿಯಾದ ಸ್ಥಳದಲ್ಲಿದೆ.

ತುಂಬಿಸಿದ್ದೇನೆ.

ಏತರ ದೆಸೆಯಿಂದ: ಶಮ್ನಾಳ ದೆಸೆಯಿಂದ

ತೊಂಬತ್ತು ದಿನಗಳ ನಿಯಮವು ಈ ಸಾಲಿಗೂ ಅನ್ವಯಿಸುತ್ತದೆಯೆಂಬುದನ್ನು ಮರೆಯಬೇಡ.

ಇಂತು,
ಅನಂತಮತಿ